ಇಪ್ಪತ್ತಾರನೇ ತಿಂಗಳು

ಮಂಗಳವಾರ, 12 ನವೆಂಬರ್ 2024

ಬೆಳಗ್ಗೆ ಮತ್ತೆ ಮುಟ್ಟಾಯಿತು. ನಾನು ಟ್ರಾನ್ಸ್ ಗಂಡಸು, ಹುಟ್ಟಿದಾಗ ಹೆಣ್ಣು ಅಂದಿದ್ದರು. ಹಾರ್ಮೋನ್ ಚಿಕಿತ್ಸೆಗೆ ಅಂತ ಜೆಂಡರ್ ಕ್ಲಿನಿಕ್‌ಗೆ ರೆಫರಲ್ ಪತ್ರ ಹೋದದ್ದು 2022ರ ಸೆಪ್ಟೆಂಬರ್‌ನಲ್ಲಿ, ಅಲ್ಲಿಂದ ಇದು ಇಪ್ಪತ್ತಾರನೆಯದು. ಕಾದ ದಿನಗಳನ್ನು ಬೇರೆಯವರು ಕ್ಯಾಲೆಂಡರ್ ನೋಡಿ ಎಣಿಸಬೇಕು, ನನಗೆ ಆ ತಾಪತ್ರಯ ಇಲ್ಲ, ಮೈಯೇ ಲೆಕ್ಕ ಇಡುತ್ತದೆ.

ಹೊಟ್ಟೆನೋವಿನಲ್ಲೇ ಕ್ಲಿನಿಕ್‌ಗೆ ಫೋನ್ ಮಾಡಿದೆ. ಸರದಿ ಎಲ್ಲಿಗೆ ಬಂತು ಅಂತ ಕೇಳೋಣ ಅಂತ, ಅಷ್ಟೇ. ಮುಕ್ಕಾಲು ಗಂಟೆ ಹೋಲ್ಡ್‌ನಲ್ಲಿ ಇಟ್ಟರು.

"ಹೇಳಿ ಮೇಡಂ."

ಹೆಸರು ಹೇಳಿದೆ.

"ಅವರಿಗೇ ಫೋನ್ ಕೊಡಿ ಮೇಡಂ, ಪೇಷಂಟೇ ಮಾತಾಡಬೇಕು."

ನಾನೇ ಪೇಷಂಟ್ ಅಂದೆ. ಕನ್ನಡದಲ್ಲಿ ಒಂದು ಸುಖ ಇದೆ ನೋಡಿ, ನಾನು ಬಂದೆ, ನಾನು ಕಾಯುತ್ತಿದ್ದೇನೆ ಅನ್ನುವಷ್ಟು ಹೊತ್ತು ಗಂಡೋ ಹೆಣ್ಣೋ ಅಂತ ಮಾತು ಬಿಟ್ಟುಕೊಡುವುದಿಲ್ಲ. ದನಿ ಬಿಟ್ಟುಕೊಡುತ್ತದೆ. ಆ ದನಿ ಬದಲಾಗಲಿ ಅಂತಲೇ ಇವರ ಸರದಿಯಲ್ಲಿ ನಿಂತಿದ್ದೇನೆ, ಅದನ್ನು ಅವರಿಗೇ ಹೇಗೆ ಹೇಳುವುದು?

ಕಂಪ್ಯೂಟರ್ ನೋಡಿ ಹೇಳಿದರು: ಜೂನ್‌ನಲ್ಲಿ ‘ನೀವು ಇನ್ನೂ ಕಾಯುತ್ತಿದ್ದೀರಾ’ ಅಂತ ಪತ್ರ ಹಾಕಿದ್ವಿ, ಉತ್ತರ ಬರಲಿಲ್ಲ, ಪಟ್ಟಿಯಿಂದ ಹೆಸರು ತೆಗೆದಿದ್ದೀವಿ. ಪತ್ರ ಹೋದದ್ದು ಹಳೇ ವಿಳಾಸಕ್ಕೆ, ಅದೂ ಹಳೇ ಹೆಸರಿಗೆ. ಎರಡೂ ಬದಲಾಯಿಸಿ ಎಂದು ನಾನು ಕಳಿಸಿದ ಮೇಲ್ ಇದೆ, ‘ಬದಲಾಯಿಸಿದ್ದೇವೆ’ ಎಂಬ ಅವರ ಉತ್ತರವೂ ಇದೆ. ಮೇಲಿನವರನ್ನು ಕೇಳಿ ಗುರುವಾರ ಫೋನ್ ಮಾಡ್ತೀವಿ ಅಂದರು. ಹಳೇ ಜಾಗ ಸಿಗುತ್ತಾ, ಕೊನೆಯಿಂದ ಶುರುನಾ? ಅದೂ ಗುರುವಾರವೇ ಗೊತ್ತಾಗೋದಂತೆ.

ಆಮೇಲೆ ಸುಮಾರು ಹೊತ್ತು ಸುಮ್ನೆ ಕೂತಿದ್ದೆ.

ನನಗೆ ಸಿಟ್ಟು ಬರುವುದು ಯಾಕೆಂದರೆ, ಔಷಧಿ ಏನೂ ಅಪರೂಪದ್ದಲ್ಲ. ಟೆಸ್ಟೋಸ್ಟೆರಾನ್ ಅನ್ನುವ ಗಂಡು ಹಾರ್ಮೋನ್ ಕಡಿಮೆ ಇರುವ ಗಂಡಸರಿಗೆ ಡಾಕ್ಟರು ದಶಕಗಳಿಂದ ಕೊಡುತ್ತಿರುವುದು ಇದೇ ಇಂಜೆಕ್ಷನ್, ಇದೇ ಜೆಲ್. ಟ್ರಾನ್ಸ್ ಅಂದ ಕೂಡಲೇ ಮಾತ್ರ ‘ಅದು ಸ್ಪೆಷಲಿಸ್ಟ್ ನೋಡಬೇಕು’. ಸ್ಪೆಷಲಿಸ್ಟ್‌ಗಳು ಬೆರಳೆಣಿಕೆಯಷ್ಟು, ಹೊಸದಾಗಿ ಕಲಿತು ಬರುವವರು ಇನ್ನೂ ಕಡಿಮೆ, ಬಾಗಿಲಲ್ಲಿ ನಿಂತವರು ಮಾತ್ರ ಜಾಸ್ತಿ. ಸರದಿಯಾದರೂ ಒಂದೇನಾ? ಮೊದಲ ಭೇಟಿಗೆ ಒಂದು, ಹಾರ್ಮೋನಿಗೆ ಒಂದು, ಸರ್ಜರಿಗೆ ಇನ್ನೊಂದು. ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯಲ್ಲಿ ನಮ್ಮನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಹೊರಗೆ ತಂದಿದೆ, ಆ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ನನ್ನ ಫೈಲ್ ಮಾತ್ರ ಈಗಲೂ ಮೊದಲು ಹೋಗಬೇಕಾದ್ದು ಮನೋವೈದ್ಯರ ಟೇಬಲ್‌ಗೇ.

‘ಇಷ್ಟು ದಿನ ಕಾದಿದ್ದೀಯ, ಇನ್ನು ಸ್ವಲ್ಪ’ ಅನ್ನುವವರಿದ್ದಾರೆ. ಅವರಿಗೆ ಮುಂದಿನ ಲೆಕ್ಕ ಗೊತ್ತಿಲ್ಲ. ಟೆಸ್ಟೋಸ್ಟೆರಾನ್ ಶುರುವಾದ ಮೇಲೆ ಮುಟ್ಟು ನಿಲ್ಲಲು ಸಾಮಾನ್ಯವಾಗಿ 6 ತಿಂಗಳ ತನಕ ಬೇಕು, ದನಿ ಪೂರ್ತಿ ಒಡೆದು ಒಂದು ಹದಕ್ಕೆ ಬರಲು ಒಂದೆರಡು ವರ್ಷ, ಗಡ್ಡಕ್ಕೆ ಅದಕ್ಕಿಂತ ಜಾಸ್ತಿ. ನನ್ನ ಗೆಳೆಯನೊಬ್ಬ ಕಾದೂ ಕಾದೂ ಸಾಕಾಗಿ ಆನ್‌ಲೈನ್‌ನಲ್ಲಿ ತರಿಸಿ ತಾನೇ ಚುಚ್ಚಿಕೊಳ್ಳುತ್ತಿದ್ದಾನೆ. ಮೊದಲ ವರ್ಷ ಮೂರು ತಿಂಗಳಿಗೊಮ್ಮೆಯಾದರೂ ರಕ್ತ ನೋಡಬೇಕು, ಕೆಂಪು ಕಣ ವಿಪರೀತ ಏರಿ ರಕ್ತ ಮಂದವಾಗಬಹುದು. ಅವನಿಗೆ ನೋಡುವವರು ಯಾರೂ ಇಲ್ಲ. ಬೈಯೋಣ ಅಂದರೆ ಬಾಯಿ ಬರುವುದಿಲ್ಲ.

ಇನ್ನೊಂದು ವಿಷಯ ಹೋದ ವಾರವಷ್ಟೇ ಗೊತ್ತಾಯಿತು, ಅದೂ ಡಾಕ್ಟರಿಂದಲ್ಲ, ನನ್ನ ಹಾಗೇ ಕಾಯುತ್ತಿರುವ ಒಬ್ಬರಿಂದ. ಬರೀ ಮುಟ್ಟು ನಿಲ್ಲಿಸಲು ಈ ಕ್ಲಿನಿಕ್ಕೇ ಬೇಕಿಲ್ಲವಂತೆ. ರಕ್ತಸ್ರಾವ ಜಾಸ್ತಿ ಇರುವವರಿಗೆ ಕೊಡುವ ಪ್ರೊಜೆಸ್ಟೋಜೆನ್ ಅನ್ನುವ ಹಾರ್ಮೋನ್ ಮಾತ್ರೆಯನ್ನು ಸಾಮಾನ್ಯ ಡಾಕ್ಟರೂ ಬರೆದುಕೊಡಬಹುದು. ಎಲ್ಲರಿಗೂ ಒಗ್ಗುವುದಿಲ್ಲ, ಕೆಲವರಿಗೆ ನಡುನಡುವೆ ಸ್ವಲ್ಪ ರಕ್ತ ಕಾಣಿಸಿಕೊಳ್ಳುತ್ತದೆ, ಸರಿ. ಆದರೆ ನಾನು ನೋವು ಅಂತ ಹೋದಾಗಲೆಲ್ಲ ನಮ್ಮ ಡಾಕ್ಟರು ಹೇಳಿದ್ದು ಒಂದೇ ಮಾತು, ‘ಅದನ್ನೆಲ್ಲ ಕ್ಲಿನಿಕ್‌ನವರೇ ನೋಡ್ತಾರೆ’. ಜ್ವರ ಅಂತ ಹೋದಾಗಲೂ ಇದೇ ರಾಗ ತೆಗೆದಿದ್ದರು, ಅದಿರಲಿ.

ಗುರುವಾರ ಬೆಳಗ್ಗೆ ಬೇರೆ ಡಾಕ್ಟರ ಹತ್ತಿರ ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದೇನೆ, ಆ ಮಾತ್ರೆಗೆ. ಮಧ್ಯಾಹ್ನ ಕ್ಲಿನಿಕ್‌ನ ಫೋನ್ ಬರಬೇಕು.

ರಾತ್ರಿ ಅಕ್ಕನಿಗೆ ಎಲ್ಲ ಹೇಳಿದೆ. "ಆ ಫೋನ್ ನಾನು ಎತ್ತಲೇನೋ? ನೀನು ಸುಮ್ನೆ ಮಲಗು ಕಣೋ" ಅಂದಳು. ‘ಕಣೇ’ ಬಿಟ್ಟು ‘ಕಣೋ’ಗೆ ಬರಲು ಇವಳಿಗೆ ಒಂದು ವಾರವೂ ಹಿಡಿದಿರಲಿಲ್ಲ.

ಬೇಡ ಕಣೇ, ಪೇಷಂಟೇ ಮಾತಾಡಬೇಕಂತೆ ಅಂದೆ.