ಕುಟುಮ್‌ಸರ್ ಗುಹೆಗೆ ಮೀನು ನೋಡಲು ಹೋಗುವವರಿಗೆ

ಛತ್ತೀಸ್‌ಗಢದ ಬಸ್ತರ್‌ನ ಜಲಪಾತಗಳ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ. ಕಾಂಗೇರ್ ಕಣಿವೆ ರಾಷ್ಟ್ರೀಯ ಉದ್ಯಾನದ ಕುಟುಮ್‌ಸರ್ ಗುಹೆಯಲ್ಲಿ ಕಣ್ಣಿಲ್ಲದ ಮೀನುಗಳಿವೆ, ಅವನ್ನು ನೋಡಲೆಂದೇ ಹೋಗುವವರಿಗೆ ಈ ನಾಲ್ಕು ಮಾತು.

ಜಗದಲ್‌ಪುರದಲ್ಲಿ ಖಾಸಗಿ ಬಸ್ಸಿನ ನಿರ್ವಾಹಕ ಗುಹೆಯ ಬಾಗಿಲಿಗೇ ಬಿಡುತ್ತೇವೆಂದು ಹತ್ತಿಸಿಕೊಂಡು, ಹೆದ್ದಾರಿಯ ಬದಿಯಲ್ಲಿ ಇಳಿಸಿ ಹೊರಟುಹೋದ. ಅಲ್ಲಿಂದ ಗುಹೆ ಕಾಡಿನೊಳಗೆ ಬಹಳ ದೂರ. ಬಿಸಿಲಲ್ಲಿ ನಿಂತ ನಮ್ಮನ್ನು ಕಂಡ ಜೀಪಿನವನು ಬಾಯಿಗೆ ಬಂದ ಬಾಡಿಗೆ ಕೇಳಿದ, ಕೊಡದೆ ವಿಧಿಯಿರಲಿಲ್ಲ. ಊರಿನಿಂದಲೇ ಕಾರು ಗೊತ್ತುಮಾಡಿಕೊಳ್ಳಿ. ಕಾಯುವ ಹಣವೂ ಸೇರಿದೆಯೇ ಎಂದು ಮೊದಲೇ ಕೇಳಿ.

ಗುಹೆಯೆಂದರೆ ತಂಪು ಎಂದುಕೊಳ್ಳಬೇಡಿ. ಒಳಗೆ ವರ್ಷವಿಡೀ 28 ಡಿಗ್ರಿಯ ಆಸುಪಾಸು, ಜೊತೆಗೆ ಮೈಗಂಟುವ ತೇವ. ಕಿರಿದಾದ ಬಿರುಕಿನಲ್ಲಿ ಒಬ್ಬರ ಹಿಂದೊಬ್ಬರು ಇಳಿಯಬೇಕು. ಇಕ್ಕಟ್ಟು ಆಗದವರು ಹೊರಗೇ ಉಳಿಯುವುದು ಒಳ್ಳೆಯದು.

ಒಳಗಿನ ಸುಣ್ಣಕಲ್ಲಿನ ತೊಂಗಲುಗಳನ್ನು ಎಲ್ಲರೂ ಫೋಟೊ ತೆಗೆಯುತ್ತಾರೆ. ನೀವು ಕೆಳಗೆ ನೋಡಿ. ಮಳೆಗಾಲದಲ್ಲಿ ನೆಲದಡಿಯ ಹೊಳೆ ಗುಹೆಯನ್ನೇ ತುಂಬುತ್ತದೆ. ನೀರು ಇಳಿದ ಮೇಲೆ ಉಳಿದ ಗುಂಡಿಗಳಲ್ಲಿ ಈ ಮೀನುಗಳಿರುತ್ತವೆ. ಮಾರ್ಗದರ್ಶಿ ದೀಪವನ್ನು ಓರೆಯಾಗಿ ಹಿಡಿದಾಗ ಬೆರಳುದ್ದವೂ ಇಲ್ಲದ, ಮಾಸಲು ಬಿಳಿ ಬಣ್ಣದ ಮೀನೊಂದು ಮೀಸೆಯಿಂದ ಕೆಸರನ್ನು ತಡಕುತ್ತಾ ಬಂತು. ಕಣ್ಣಿರಬೇಕಾದಲ್ಲಿ ಬರೀ ಚರ್ಮ. ಪಕ್ಕದ್ದರಲ್ಲಿ ಸಣ್ಣ ಕಪ್ಪು ಚುಕ್ಕೆಯಂಥ ಕಣ್ಣು ಇನ್ನೂ ಇತ್ತು! ಒಂದೇ ಗುಂಡಿಯಲ್ಲಿ ಎರಡೂ ಇರುತ್ತವೆಂದು ನಾನು ಎಣಿಸಿರಲಿಲ್ಲ. ಇದು ಬೇರೆ ಲೋಕದ ಜೀವಿಯೇನಲ್ಲ. ಪುಣೆಯ ಹೊಳೆಗಳಲ್ಲಿ, ಅಂದರೆ ನಮ್ಮ ಭೀಮೆಯ ಮೇಲ್ಭಾಗದಲ್ಲಿ ಸಿಕ್ಕಿ 1872ರಲ್ಲಿ ಹೆಸರು ಪಡೆದ ಇಂಡೋರಿಯೋನೆಕ್ಟಿಸ್ ಎವೆಜಾರ್ಡಿ ಜಾತಿಯದೆಂದೇ ವಿಜ್ಞಾನಿಗಳು ಇದನ್ನು ಅಭ್ಯಸಿಸಿದ್ದಾರೆ. ಹೊರಗೆ ಕಣ್ಣಿರುವ ಮೀನು, ಒಳಗೆ ಕಣ್ಣು ಕಳೆದುಕೊಳ್ಳುತ್ತಿದೆ. ಹಸಿರು ಬೆಳೆಯದ ಆ ಕತ್ತಲಲ್ಲಿ ನೆರೆ ತಂದ ಕಸಕಡ್ಡಿ, ಬಾವಲಿಗಳ ಹಿಕ್ಕೆ ಇವೇ ಅಲ್ಲಿನ ಬದುಕಿಗೆ ಆಧಾರ.

ದೊಡ್ಡ ಮೀನು ಕಾಣುವ ಆಸೆಯಿದ್ದರೆ ಇಲ್ಲಿ ನಿರಾಸೆಯಾಗುತ್ತದೆ. 2019ರಲ್ಲಿ ಮೇಘಾಲಯದ ಉಮ್ ಲಾಡಾವ್ ಗುಹೆಯಲ್ಲಿ ಕಂಡ ಕುರುಡು ಮೀನುಗಳು 40 ಸೆಂಟಿಮೀಟರ್ ದಾಟಿದ್ದವು. ಆದರೆ ಅಲ್ಲಿಗೆ ಹಗ್ಗ ಕಟ್ಟಿ ಇಳಿಯಬೇಕು. ಅದು ಪ್ರವಾಸಿಗರ ಜಾಗವಲ್ಲ.

ಭಾನುವಾರ ಖಂಡಿತ ಬೇಡ. ನಮ್ಮ ಹಿಂದೆ ಬಂದ ಗುಂಪು ಪ್ರತಿಧ್ವನಿ ಕೇಳಲು ಕಿರುಚಿತು, ಒಬ್ಬ ಮೀನು ಹಿಡಿಯಲು ನೀರಿಗೇ ಕೈಹಾಕಿದ. ನನಗೆ ಮೈ ಉರಿದುಹೋಯಿತು. ಸಾಮಾನ್ಯವಾಗಿ ಮಳೆಗಾಲ ಪೂರ್ತಿ ಗುಹೆ ಮುಚ್ಚಿರುತ್ತದೆ. ಮತ್ತೆ ತೆರೆದ ಕೆಲವು ವಾರಗಳಲ್ಲಿ, ವಾರದ ನಡುವೆ, ಬೆಳಗಿನ ಮೊದಲ ತಂಡದೊಂದಿಗೆ ಹೋಗಿ.

ತೀರಥ್‌ಗಢ ಜಲಪಾತದ ದಾರಿಯಲ್ಲಿ ಹುಲ್ಲುಮಾಡಿನ ಒಂದು ಸಣ್ಣ ಹೋಟೆಲಿದೆ, ಹೆಸರಿನ ಫಲಕವಿಲ್ಲ. ಸಾಲ್ ಮರದ ಎಲೆಯ ದೊನ್ನೆಯಲ್ಲಿ ಬಿಸಿ ಅನ್ನ, ತೊಗರಿಬೇಳೆ, ಕೆಂಡದಲ್ಲಿ ಸುಟ್ಟ ಟೊಮೆಟೊ ಚಟ್ನಿ. ಕೇಳಿದರೆ ಕೆಂಪಿರುವೆಯ ಚಾಪ್ಡಾ ಚಟ್ನಿಯನ್ನೂ ಬಡಿಸುತ್ತಾರೆ. ನಿಂಬೆಯ ಹುಳಿಗಿಂತ ಚುರುಕು, ಒಂದು ಚಿಟಿಕೆಗೆ ಎರಡು ತುತ್ತು ಅನ್ನ ಬೇಕು. ಜಗದಲ್‌ಪುರದ ಲಾಡ್ಜಿನಲ್ಲಿ ಒಂದು ಟೀಗೆ ತೆತ್ತ ದುಡ್ಡಿನಲ್ಲಿ ಇಲ್ಲಿ ಹೊಟ್ಟೆ ತುಂಬಿತು, ಅನ್ನ ಮತ್ತೆ ಮತ್ತೆ ಹಾಕಿದರು. ಮಧ್ಯಾಹ್ನ ಎರಡರೊಳಗೆ ತಲುಪಿ, ಆಮೇಲೆ ಒಲೆ ಆರಿಸಿಬಿಡುತ್ತಾರೆ.