ವಸಡಿನ ಕಾಯಿಲೆಯ ಎಡ–ಬಲ

ವಸಡಿನ ತಪಾಸಣೆಯಲ್ಲಿ ದಂತವೈದ್ಯರು ಪ್ರತಿ ಹಲ್ಲಿನ ಸುತ್ತ ಆರು ಕಡೆ, ಅಂದರೆ ಹೊರಬದಿಯಲ್ಲಿ ಮೂರು ಮತ್ತು ಒಳಬದಿಯಲ್ಲಿ ಮೂರು ಕಡೆ, ಅಳತೆಯ ಗೆರೆಗಳಿರುವ ತೆಳುವಾದ ಪ್ರೋಬನ್ನು ವಸಡಿನ ಸಂದಿಗೆ ಇಳಿಸಿ ಆಳವನ್ನು ಬರೆದುಕೊಳ್ಳುತ್ತಾರೆ. 3 ಮಿ.ಮೀ.ವರೆಗೆ ಸಾಮಾನ್ಯವಾಗಿ ಚಿಂತೆಯಿಲ್ಲ. 4 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಗಮನ ಬೇಕು. ನನ್ನ ಚಾರ್ಟಿನಲ್ಲಿ ಅಂಕಿಗಳು ಹೆಚ್ಚುಕಡಿಮೆ ಜೋಡಿಯಾಗಿಯೇ ಇದ್ದವು: ಮೇಲಿನ ಬಲ ದವಡೆಹಲ್ಲಿನ ಹಿಂಬದಿಯಲ್ಲಿ 5 ಇದ್ದರೆ, ಎಡಗಡೆಯ ಅದೇ ಹಲ್ಲಿನ ಅದೇ ಮೂಲೆಯಲ್ಲೂ 5.

ಇದು ಕಾಕತಾಳೀಯವಲ್ಲ. ಎಡ–ಬಲದ ಹಲ್ಲುಗಳು ಹೆಚ್ಚುಕಡಿಮೆ ಒಂದೇ ವಯಸ್ಸಿನಲ್ಲಿ ಹುಟ್ಟುತ್ತವೆ, ಅವುಗಳ ಬೇರು ಕವಲೊಡೆಯುವ ಜಾಗವೂ ಒಂದೇ, ಟಾರ್ಟರ್ (ಹಲ್ಲಿಗೆ ಅಂಟಿ ಗಟ್ಟಿಯಾದ ಪಾಚಿ) ಬೇಗ ಕಟ್ಟಲು ಕಾರಣವಾಗುವ ಜೊಲ್ಲುನಾಳಗಳೂ ಎರಡು ಕೆನ್ನೆಗಳಲ್ಲಿ ಎದುರುಬದುರಾಗಿ ತೆರೆದುಕೊಳ್ಳುತ್ತವೆ. ಧೂಮಪಾನ ಮತ್ತು ಹತೋಟಿಯಿಲ್ಲದ ಮಧುಮೇಹವಂತೂ ಒಂದು ಬದಿಯನ್ನು ಆರಿಸಿಕೊಳ್ಳುವುದಿಲ್ಲ. ಹದಿಹರೆಯದಲ್ಲಿ ಕಾಣಿಸಿಕೊಳ್ಳುವ ಒಂದು ಬಗೆಯ ಪೆರಿಯೊಡಾಂಟೈಟಿಸ್ (ಹಲ್ಲನ್ನು ಹಿಡಿದಿರುವ ಮೂಳೆಯನ್ನೂ ಸವೆಸುವ ವಸಡಿನ ಕಾಯಿಲೆ) ಮೊದಲ ದವಡೆಹಲ್ಲು ಮತ್ತು ಬಾಚಿಹಲ್ಲುಗಳನ್ನೇ ಹಿಡಿಯುತ್ತದೆ. ಅದರ ಎಕ್ಸ್‌ರೇಯಲ್ಲಿ ಎರಡೂ ಬದಿಯ ಮೂಳೆ ಒಂದೇ ರೀತಿ ಸವೆದಿರುವುದು ಅನೇಕ ವೇಳೆ ಎದ್ದು ಕಾಣುತ್ತದೆ.

ಒಂದು ಬದಿಗೆ ಒಂದು ಚಿಕಿತ್ಸೆ, ಇನ್ನೊಂದಕ್ಕೆ ಬೇರೆ ಚಿಕಿತ್ಸೆ ಕೊಟ್ಟು ಹೋಲಿಸುವ ಸಂಶೋಧನೆಗಳು ಈ ಸಾಮ್ಯವನ್ನೇ ನಂಬಿವೆ. ಆದರೆ ಬಾಯಿ ಮುಕ್ಕಳಿಸುವ ಔಷಧಿಗೆ ಈ ವಿಧಾನ ಸಲ್ಲದು, ಏಕೆಂದರೆ ಅದು ನಡುಗೆರೆಯಲ್ಲಿ ನಿಲ್ಲುವುದಿಲ್ಲ. ಅರ್ಧ ಬಾಯಿಯನ್ನಷ್ಟೇ ಪರೀಕ್ಷಿಸುವ ಸಮೀಕ್ಷೆಗಳ ಬಗ್ಗೆ ನನಗೆ ಅಷ್ಟು ವಿಶ್ವಾಸವಿಲ್ಲ: ಸರಾಸರಿ ಆಳ ಅದರಲ್ಲಿ ಬಹುಮಟ್ಟಿಗೆ ಸರಿಯಾಗಿ ಸಿಕ್ಕರೂ, ಒಂದೆರಡು ಕಡೆ ಮಾತ್ರ ಕಾಯಿಲೆಯಿದ್ದು ಅದು ನೋಡದೆ ಬಿಟ್ಟ ಬದಿಯಲ್ಲಿದ್ದರೆ, ಆ ವ್ಯಕ್ತಿ ಆರೋಗ್ಯವಂತರ ಲೆಕ್ಕಕ್ಕೆ ಸೇರಿಬಿಡುತ್ತಾರೆ.

ಸಾಮ್ಯ ತಪ್ಪಿದ ಜಾಗವೇ ರೋಗಿಗೆ ಹೆಚ್ಚು ಉಪಯುಕ್ತ ಎಂಬುದು ನನ್ನ ಅಭಿಪ್ರಾಯ. ಓರೆಯಾಗಿ ಬೆಳೆದ ಹಲ್ಲು, ಆಹಾರ ಸಿಕ್ಕಿಕೊಳ್ಳುವ ಸಂದಿ, ಅಂಚು ಹೊರಚಾಚಿದ ಫಿಲ್ಲಿಂಗ್, ಬ್ರಷ್ ಸರಿಯಾಗಿ ತಲುಪದ ಮೂಲೆ – ಕಾರಣ ಅಲ್ಲೇ ಹತ್ತಿರದಲ್ಲಿರುತ್ತದೆ. ನನ್ನ ಕೆಳಗಿನ ಎಡ ದವಡೆಹಲ್ಲಿನ ಒಂದು ಬದಿಯಲ್ಲಿ 7 ಇತ್ತು, ಬಲಗಡೆ ಅದೇ ಜಾಗದಲ್ಲಿ 3. ಎಡಗಡೆಯ ಆ ಹಲ್ಲಿಗೆ ಹಳೆಯ ಕ್ಯಾಪ್ ಇದೆ. ಪ್ರೋಬಿನ ತುದಿ ಅದರ ಅಂಚಿಗೆ ತಡೆದು ನಿಂತದ್ದು ನನಗೂ ತಿಳಿಯಿತು. ಕ್ಯಾಪ್ ಬದಲಾಯಿಸುವವರೆಗೆ ಆ ಸಂದಿಗೆಂದೇ ಒಂದು ಸಣ್ಣ ಇಂಟರ್‌ಡೆಂಟಲ್ ಬ್ರಷ್ ಬಳಸಲು ವೈದ್ಯರು ಹೇಳಿದ್ದಾರೆ.