21ನೇ ದಿನದ ಹಾಲು ಏನು ಹೇಳುತ್ತದೆ

ಮಂಡ್ಯ, ಮದ್ದೂರು ಕಡೆ ಸೀಮೆಹಸುವಿಗೆ ಸೆಮೆನ್ ಹಾಕಿಸಿ, ಮತ್ತೆ ಬೆದೆಗೆ ಬರಲಿಲ್ಲ ಎಂದರೆ ಗಬ್ಬ ನಿಂತಿದೆ ಎಂದುಕೊಳ್ಳುವುದು ರೂಢಿ. ಬೇಸಿಗೆಯಲ್ಲಿ ಇದು ಬಹಳ ಮೋಸ ಮಾಡುತ್ತದೆ. ಬೆದೆ ಬಂದಿರುತ್ತದೆ, ಆದರೆ ಹಸು ಕೂಗುವುದಿಲ್ಲ, ಲೋಳೆಯೂ ಕಣ್ಣಿಗೆ ಬೀಳುವುದಿಲ್ಲ. ಮೂರು ತಿಂಗಳು ಕಳೆದ ಮೇಲೆ ಡಾಕ್ಟರು ಕೈ ಹಾಕಿ ನೋಡಿ ಖಾಲಿ ಎಂದರೆ, ಅಷ್ಟರಲ್ಲಿ ನಾಲ್ಕು ಬೆದೆ ಕೈ ತಪ್ಪಿರುತ್ತದೆ.

ಹಾಲಿನಲ್ಲಿ ಪ್ರೊಜೆಸ್ಟರಾನ್ ಎಂಬ ಹಾರ್ಮೋನ್ ಎಷ್ಟಿದೆ ಎಂದು ನೋಡುವ ಪರೀಕ್ಷೆ ಉಪಯೋಗಕ್ಕೆ ಬರುವುದು ಇಲ್ಲೇ. ಬೆದೆ ಮುಗಿದ ಮೇಲೆ ಅಂಡಾಶಯದಲ್ಲಿ ಬೆಳೆಯುವ ಹಳದಿ ಕಾಯ ಈ ಹಾರ್ಮೋನನ್ನು ಬಿಡುತ್ತದೆ. ಫಲ ನಿಲ್ಲದಿದ್ದರೆ, ಸೆಮೆನ್ ಹಾಕಿಸಿದ ದಿನದಿಂದ ಎಣಿಸಿ 17-18ನೇ ದಿನದ ಹೊತ್ತಿಗೆ ಆ ಕಾಯ ಕರಗಿ, 21ನೇ ದಿನಕ್ಕೆ ಹಾಲಿನಲ್ಲಿ ಹಾರ್ಮೋನ್ ತೀರ ಕಡಿಮೆಯಾಗುತ್ತದೆ. ಫಲ ನಿಂತರೆ ಇಳಿಯುವುದೇ ಇಲ್ಲ.

ಆದ್ದರಿಂದ ಹಾರ್ಮೋನ್ ಕಡಿಮೆ ಬಂದರೆ ಹಸು ಖಾಲಿ, ಅದನ್ನು ಹೆಚ್ಚುಕಡಿಮೆ ಪೂರ್ತಿ ನಂಬಬಹುದು. ಜಾಸ್ತಿ ಬಂದರೆ ಗಬ್ಬ ಎಂದು ಬರೆದಿಟ್ಟುಕೊಳ್ಳಬೇಡಿ. ಹಾಗೆ ಬಂದ ನೂರು ಹಸುವಿನಲ್ಲಿ ಹದಿನೈದು ಇಪ್ಪತ್ತು ಆಮೇಲೆ ಖಾಲಿ ನಿಲ್ಲುವುದುಂಟು. ಒಂದೊಂದು ಹಸುವಿಗೆ ಬೆದೆಯ ಸುತ್ತು 18 ದಿನ, ಇನ್ನೊಂದಕ್ಕೆ 24. ಹಾಲು ತೆಗೆಯುವುದು ತಡವಾದರೆ, 18 ದಿನದ್ದು 24ನೇ ದಿನಕ್ಕೆ ಹೊಸ ಹಳದಿ ಕಾಯ ಕಟ್ಟಿಕೊಂಡಿರುತ್ತದೆ. 24 ದಿನದ್ದಕ್ಕೆ 21ನೇ ದಿನ ಹಳೆಯದೇ ಇನ್ನೂ ಕರಗಿರುವುದಿಲ್ಲ. ಗರ್ಭಕೋಶದಲ್ಲಿ ಕೀವು ತುಂಬಿದ್ದರೂ ಹಳದಿ ಕಾಯ ಉಳಿದುಬಿಡುತ್ತದೆ. 21ನೇ ದಿನ ಇದ್ದ ಫಲ 35ನೇ ದಿನದೊಳಗೆ ಕರಗಿ ಹೋಗುವುದೂ ಉಂಟು.

ಸೆಮೆನ್ ಹಾಕಿಸಿದ ದಿನವೂ ಒಂದು ಸೀಸೆ ಹಾಲು ಎತ್ತಿಡುವುದು ನನಗೆ ತುಂಬ ಮುಖ್ಯ ಅನ್ನಿಸುತ್ತದೆ. ಅವತ್ತೇ ಹಾರ್ಮೋನ್ ಜಾಸ್ತಿ ಇದ್ದರೆ ಹಸು ಬೆದೆಯಲ್ಲೇ ಇರಲಿಲ್ಲ. ಆಗ 21ನೇ ದಿನದ ಲೆಕ್ಕಕ್ಕೆ ಅರ್ಥವೇ ಇಲ್ಲ.

ಮಾದರಿ ತೆಗೆಯುವಾಗ ಜೋಪಾನ. ಪ್ರೊಜೆಸ್ಟರಾನ್ ಕೊಬ್ಬಿನ ಜೊತೆ ಹೋಗುವ ವಸ್ತು. ಕರೆಯಲು ಶುರು ಮಾಡಿದಾಗಿನ ತೆಳು ಹಾಲಿನಲ್ಲಿ ಕಡಿಮೆ, ಕಡೆಯಲ್ಲಿ ಹಿಂಡುವ ಗಟ್ಟಿ ಹಾಲಿನಲ್ಲಿ ಜಾಸ್ತಿ. ಎರಡೂ ಸಲ ಒಂದೇ ತರಹದ ಹಾಲು ತೆಗೆಯಿರಿ: ಪೂರ್ತಿ ಕರೆದು, ಚೆನ್ನಾಗಿ ಕಲಕಿ, ಡೈರಿ ಕ್ಯಾನಿಗೆ ಸುರಿಯುವ ಮೊದಲೇ ಒಣಗಿದ ಸೀಸೆಗೆ 5-10 ಮಿಲಿ. ಕ್ಯಾನಿಗೆ ಬಿದ್ದರೆ ಪಕ್ಕದ ಹಸುವಿನ ಹಾಲು ಸೇರಿಹೋಯಿತು. ಸೀಸೆಯ ಮೇಲೆ ಹಸುವಿನ ಕಿವಿಯ ಓಲೆ ನಂಬರು, ತಾರೀಕು ಬರೆದು ಫ್ರಿಜ್ಜಿನಲ್ಲಿ ಇಡಿ. ಒಡೆದ ಹಾಲು, ಕೆಚ್ಚಲು ಬಾವಿನ ಹಾಲು ಬೇಡ. ಹಾಲಿನ ಬದಲು ರಕ್ತ ತೆಗೆಸಿದರೆ ತಕ್ಷಣ ತಣ್ಣಗಿಟ್ಟು, ಬೇಗ ಪ್ಲಾಸ್ಮಾ, ಅಂದರೆ ರಕ್ತಕಣ ಬಿಟ್ಟ ದ್ರವ, ಬೇರ್ಪಡಿಸಬೇಕು. ಹಾಗೇ ಬಿಟ್ಟರೆ ಕೆಂಪು ರಕ್ತಕಣಗಳೇ ಹಾರ್ಮೋನನ್ನು ಕರಗಿಸಿ, ಗಬ್ಬದ ಹಸುವನ್ನೂ ಖಾಲಿ ಎಂದು ತೋರಿಸುತ್ತವೆ.

ಪರೀಕ್ಷೆಯ ಕಿಟ್ಟಿನಲ್ಲಿ ಫಲಿತಾಂಶ ಓದುವಾಗ ತಿರುವುಮುರುವು ಆಗುವುದು ಬಣ್ಣದಲ್ಲಿ. ಈ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಬಣ್ಣ ಗಾಢವಾದಷ್ಟೂ ಹಾರ್ಮೋನ್ ಕಡಿಮೆ, ಅಂದರೆ ಹಸು ಖಾಲಿ. ಕಿಟ್ಟನ್ನು ಫ್ರಿಜ್ಜಿನಿಂದ ತೆಗೆದ ಕೂಡಲೇ ಬಳಸಬೇಡಿ, ಕೋಣೆಯ ಶಾಖಕ್ಕೆ ಬರಲಿ. ಕಾಗದದಲ್ಲಿ ಹೇಳಿದ ನಿಮಿಷಕ್ಕೇ ಓದಿ.

28ನೇ ದಿನದಿಂದ ಮಾಡುವ ಪಿಎಜಿ ಪರೀಕ್ಷೆ ಗರ್ಭದ್ದೇ ಪ್ರೋಟೀನನ್ನು ಹುಡುಕುತ್ತದೆ, ಹಾಗಾಗಿ ಗಬ್ಬ ಹೌದು ಎನ್ನುವುದಕ್ಕೆ ಇದೇ ಮೇಲು. ಆದರೆ ಕರು ಹಾಕಿದ ಮೇಲೂ ಎರಡು ತಿಂಗಳಿಗೆ ಮೇಲೆ ಹಳೆಯ ಪ್ರೋಟೀನು ಉಳಿದಿರಬಹುದು. ಬೇಗ ಸೆಮೆನ್ ಹಾಕಿಸಿದ ಹಸುವಿನಲ್ಲಿ ಇದು ಗೊಂದಲ ಮಾಡುತ್ತದೆ.

ಮೇಕೆಗೂ ಹಾಲು ಅಥವಾ ರಕ್ತದ ಪ್ರೊಜೆಸ್ಟರಾನ್ ನೋಡಬಹುದು, ಆದರೆ ಗರ್ಭಕೋಶದಲ್ಲಿ ಬರೀ ನೀರು ತುಂಬುವ ಸುಳ್ಳು ಗಬ್ಬದಲ್ಲೂ ಅದು ಜಾಸ್ತಿಯೇ ಬರುತ್ತದೆ, ಸ್ಕ್ಯಾನಿಂಗ್ ಬೇಕು. ಮಳವಳ್ಳಿ ಕಡೆಯ ಬಂಡೂರು ಕುರಿಗೆ ಬೆದೆಯ ಸುತ್ತು ಸುಮಾರು 17 ದಿನ, ರಕ್ತವನ್ನು ಆ ಲೆಕ್ಕದಲ್ಲಿ ತೆಗೆಸಬೇಕು.

ಇನ್ನೊಂದು ಎಚ್ಚರಿಕೆ. ಬೆದೆಗೆ ಬರಲಿ ಎಂದು ಕೊಡುವ ಪ್ರೊಸ್ಟಗ್ಲಾಂಡಿನ್ ಇಂಜೆಕ್ಷನ್ ಕೆಲಸ ಮಾಡುವುದು ಹಳದಿ ಕಾಯ ಇರುವ ಹಸುವಿನ ಮೇಲೆಯೇ, ಅಂದರೆ ಪ್ರೊಜೆಸ್ಟರಾನ್ ಜಾಸ್ತಿ ತೋರಿಸಿದ ಹಸುವಿನ ಮೇಲೆ. ಆ ಹಸು ಗಬ್ಬವಾಗಿದ್ದರೆ ಕಂದು ಹಾಕುತ್ತದೆ, ಅಂದರೆ ಗರ್ಭಪಾತವಾಗುತ್ತದೆ. 60ನೇ ದಿನ ಡಾಕ್ಟರು ಕೈ ಹಾಕಿ ನೋಡುವ ತನಕ, ಇಲ್ಲವೇ 30ನೇ ದಿನದ ಮೇಲೆ ಸ್ಕ್ಯಾನಿಂಗ್ ಮಾಡಿಸುವ ತನಕ, ಆ ಸೂಜಿಯನ್ನು ಹಸುವಿನ ಹತ್ತಿರ ತರಬೇಡಿ.